ಡೊಂಕು ಒಂದು ಲೆಕ್ಕ, ನೋವು ಇನ್ನೊಂದು ಲೆಕ್ಕ

(ಉಡುಪಿಯ ಒಂದು ಗ್ರಂಥಾಲಯದ ಮಹಡಿಯಲ್ಲಿ, ಜೂನ್ ಕೊನೆಯ ಶನಿವಾರ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಕರೆಂಟು ಹೋಗಿ ಮೈಕ್ ಇಲ್ಲದೆ ಮಾತನಾಡಿದ ಭಾಗವನ್ನು ನೆನಪಿನಿಂದ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡಿದ ಅಕ್ಕ ನನ್ನನ್ನು "ಬೆನ್ನುನೋವನ್ನು ಗೆದ್ದವರು" ಅಂದರು. ಸಣ್ಣ ತಿದ್ದುಪಡಿ ಉಂಟು. ಗೆದ್ದಿಲ್ಲ. ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವಾಗ ಪಡುಬಿದ್ರಿ ದಾಟುವ ಮೊದಲೇ ಬಲ ಹೆಗಲೆಲುಬಿನ ಕೆಳಗೆ ಚುಚ್ಚಲು ಶುರುವಾಗಿತ್ತು. ಹಾಗಾಗಿ ಮಾತಿನ ನಡುವೆ ನಾನು ಒಮ್ಮೆ ಕೂರುತ್ತೇನೆ, ಒಮ್ಮೆ ಏಳುತ್ತೇನೆ, ಈ ಸ್ಟೂಲಿನ ಮೇಲೆ ಒಂದು ಕಾಲು ಇಟ್ಟು ನಿಲ್ಲುತ್ತೇನೆ. ಇವಳಿಗೆ ಎಂತದೋ ಗಡಿಬಿಡಿ ಅಂತ ಭಾವಿಸಬೇಡಿ.

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್ ಕೂಡ ಅಲ್ಲ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು, ವಯಸ್ಸು 31. ಬೆನ್ನು ಡೊಂಕು ಅಂತ ಗೊತ್ತಾಗಿ 16 ವರ್ಷ ಆಯಿತು, ನೋವು ಶುರುವಾಗಿ 9 ವರ್ಷ. ಈ ಎರಡು ಸಂಖ್ಯೆಗಳ ನಡುವೆ ಏಳು ವರ್ಷದ ಅಂತರ ಉಂಟಲ್ಲ, ಇವತ್ತಿನ ನನ್ನ ಮಾತೆಲ್ಲ ಅದರಲ್ಲೇ ಇದೆ.

ಗೊತ್ತಾದದ್ದು ಹೇಗೆ ಅಂದರೆ, ಡಾಕ್ಟರರಿಂದ ಅಲ್ಲ, ಟೈಲರ್ ಅಕ್ಕನಿಂದ. ಹತ್ತನೇ ತರಗತಿ ಮುಗಿದು ಕಾಲೇಜಿನ ಸಮವಸ್ತ್ರಕ್ಕೆ ಚೂಡಿದಾರ ಹೊಲಿಸಲು ಹೋಗಿದ್ದೆವು. ಅವರು ಟೇಪು ಹಿಡಿದು ಭುಜದಿಂದ ಸೊಂಟದ ತನಕ ಅಳೆದರು. ಬಲ ಅಳೆದರು, ಎಡ ಅಳೆದರು, ಪುನಃ ಬಲ ಅಳೆದರು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನನ್ನನ್ನು "ಹೋಗು ಮಗಾ, ಹೊರಗೆ ಬಟ್ಟೆ ನೋಡು" ಅಂತ ಕಳಿಸಿ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದರು: "ಅಕ್ಕಾ, ಕಳೆದ ವರ್ಷ ಹೀಗೆ ಇರಲಿಲ್ಲ. ಒಂದು ಭುಜ ಮೇಲೆ ಹೋಗಿದೆ. ಒಮ್ಮೆ ತೋರಿಸಿ." ಬಟ್ಟೆಯ ರಾಶಿಯ ಹಿಂದಿನಿಂದ ನನಗೆ ಎಲ್ಲ ಕೇಳಿಸಿತ್ತು.

ಅಮ್ಮನಿಗೆ ಅದೇ ದೊಡ್ಡ ದುಃಖ. ದಿನಾ ತಲೆ ಬಾಚಿ ಜಡೆ ಹಾಕುವವಳು, ತನಗೆ ಕಾಣಲಿಲ್ಲವಲ್ಲ ಅಂತ. ಆದರೆ ದಿನಾ ನೋಡುವವರಿಗೇ ಇದು ಕಾಣುವುದಿಲ್ಲ. ಮೂಡುವುದು ನಿಧಾನ, ಮೇಲಾಗಿ ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ನೋವೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಮಾಡಿದ ಮೊದಲ ಪರೀಕ್ಷೆಗೆ ಯಂತ್ರ ಬೇಕಾಗಲಿಲ್ಲ. ಕಾಲು ಜೋಡಿಸಿ, ಕೈ ಜೋಡಿಸಿ, ಮುಂದಕ್ಕೆ ಬಗ್ಗು ಅಂದರು. ಹಿಂದಿನಿಂದ ನೋಡಿದರೆ ಬಲ ಪಕ್ಕೆಲುಬು ಎಡಕ್ಕಿಂತ ಎತ್ತರ. ಇದು ಇಂಗ್ಲೆಂಡಿನ ವಿಲಿಯಂ ಆಡಮ್ಸ್ ಎಂಬ ಶಸ್ತ್ರವೈದ್ಯರು 1865ರಲ್ಲಿ ಬರೆದಿಟ್ಟ ಪರೀಕ್ಷೆ. ಈಗಲೂ ಅದೇ. ಮನೆಯಲ್ಲಿ ಹತ್ತರಿಂದ ಹದಿನೈದರ ನಡುವಿನ ಮಕ್ಕಳಿದ್ದರೆ ರಾತ್ರಿ ಊಟಕ್ಕೆ ಮೊದಲು ಒಮ್ಮೆ ಬಗ್ಗಿಸಿ ನೋಡಿ, ಅರ್ಧ ನಿಮಿಷದ ಕೆಲಸ.

ಬೆನ್ನುಮೂಳೆ ಬದಿಗೆ ವಾಲುವುದರ ಜತೆಗೆ ತನ್ನ ಸುತ್ತಲೂ ತಿರುಚಿಕೊಳ್ಳುತ್ತದೆ. ಪಕ್ಕೆಲುಬು ಉಬ್ಬುವುದು ಆ ತಿರುಚಿನಿಂದ. ಎಕ್ಸ್-ರೇಯಲ್ಲಿ ಡೊಂಕಿನ ಮೇಲಿನ ತುದಿಗೊಂದು ಗೆರೆ, ಕೆಳಗಿನ ತುದಿಗೊಂದು ಗೆರೆ ಎಳೆದು ಕೋನ ಅಳೆಯುತ್ತಾರೆ. ಅದು ಕಾಬ್ ಕೋನ. ಜಾನ್ ಕಾಬ್ ಎಂಬ ಅಮೆರಿಕದ ಡಾಕ್ಟರರು 1948ರಲ್ಲಿ ಈ ಕ್ರಮವನ್ನು ವಿವರಿಸಿದರು. 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಡೊಂಕಿಗೆ ಸ್ಕೋಲಿಯೋಸಿಸ್ ಅಂತ ಹೆಸರು. ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇರುತ್ತದೆ. ಸಣ್ಣ ಡೊಂಕು ಗಂಡು ಹೆಣ್ಣು ಇಬ್ಬರಲ್ಲೂ ಉಂಟು, ದೊಡ್ಡದಾಗಿ ಬೆಳೆಯುವುದು ಹೆಚ್ಚಾಗಿ ಹುಡುಗಿಯರಲ್ಲಿ. ಹತ್ತರಲ್ಲಿ ಎಂಟು ಮಂದಿಗೆ ಕಾರಣ ಸಿಗುವುದಿಲ್ಲ. ಶಾಲೆಯ ಬ್ಯಾಗು ಹೊತ್ತದ್ದರಿಂದ, ಸೊಟ್ಟ ಕೂತದ್ದರಿಂದ, ಬಾವಿಯಿಂದ ನೀರು ಸೇದಿದ್ದರಿಂದ ಬಂದದ್ದಲ್ಲ. ಅಮ್ಮ ಒಂದು ವರ್ಷ ನನಗೆ ಕೊಡಪಾನ ಮುಟ್ಟಲು ಬಿಡಲಿಲ್ಲ. ಪಾಪ, ಅವಳೇ ಎಲ್ಲ ಹೊತ್ತಳು.

ನನ್ನದು 36 ಡಿಗ್ರಿ ಇತ್ತು. ಬೆನ್ನಿನ ಮೇಲ್ಭಾಗ ಬಲಕ್ಕೆ, ಅದನ್ನು ಸರಿದೂಗಿಸಲು ಸೊಂಟದ ಭಾಗ ಎಡಕ್ಕೆ. ಇಂಗ್ಲಿಷಿನ ಎಸ್ ಅಕ್ಷರದ ಹಾಗೆ.

ಅಜ್ಜಿಯ ಓಟ ಬೇರೆ ಕಡೆಗೆ. ನನ್ನನ್ನು ಇದೇ ಉಡುಪಿಗೆ ಕರಕೊಂಡು ಬಂದರು. ಕನಕನ ಕಿಂಡಿಯ ಎದುರು ನಿಲ್ಲಿಸಿ ಕಿವಿಯಲ್ಲಿ ಕುಬ್ಜೆಯ ಕಥೆ ಹೇಳಿದರು. ಮಥುರೆಯ ಬೀದಿಯಲ್ಲಿ ಗಂಧ ಹಿಡಿದುಕೊಂಡು ಹೋಗುತ್ತಿದ್ದವಳು, ಮೂರು ಕಡೆ ಡೊಂಕು ಇದ್ದವಳು, ಅದಕ್ಕೇ ಅವಳ ಹೆಸರು ತ್ರಿವಕ್ರೆ. ಕೃಷ್ಣ ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದ, ಎರಡು ಬೆರಳು ಗಲ್ಲದ ಕೆಳಗೆ ಇಟ್ಟು ಮೇಲಕ್ಕೆತ್ತಿದ. ನೇರವಾದಳು. ಇದನ್ನು ನನ್ನ ಫಿಸಿಯೋ ಮೇಡಂಗೆ ಹೇಳಿದರೆ ಅವರು ನಗುತ್ತಾ, "ಅದು ಟ್ರಾಕ್ಷನ್, ನಾವು ಮಾಡಿದರೆ ಅಷ್ಟು ಬೇಗ ಆಗುವುದಿಲ್ಲ" ಅಂದರು. ನನಗೆ ಆಮೇಲೆ ಹೊಳೆದ ವಿಷಯ ಇನ್ನೊಂದು. ಉಡುಪಿಯ ಕೃಷ್ಣ ಕಡೆಗೋಲು ಹಿಡಿದು ನಿಂತವನು, ಸರಿ. ಆದರೆ ಕೊಳಲು ಹಿಡಿದ ಕೃಷ್ಣನನ್ನು ನೋಡಿ. ಕತ್ತು ಒಂದು ಕಡೆ, ಸೊಂಟ ಒಂದು ಕಡೆ, ಕಾಲು ಒಂದು ಕಡೆ. ತ್ರಿಭಂಗಿ! ತ್ರಿವಕ್ರೆಯನ್ನು ನೇರ ಮಾಡಿದವನು ತಾನು ಮಾತ್ರ ನೇರ ನಿಲ್ಲುವುದಿಲ್ಲ.

ಇರಲಿ. ಡಾಕ್ಟರರು ಬ್ರೇಸ್ ಬರೆದರು. ಎದೆಯಿಂದ ಸೊಂಟದ ತನಕ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಬೆಳೆಯುತ್ತಿರುವ ಮಕ್ಕಳಲ್ಲಿ, ಸುಮಾರು 25ರಿಂದ 40 ಡಿಗ್ರಿಯ ಡೊಂಕಿಗೆ ಇದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಉಂಟು. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬ್ರೇಸ್ ಹಾಕಿದವರಲ್ಲಿ ಶೇ. 72ರಷ್ಟು ಮಂದಿಯ ಡೊಂಕು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗಲಿಲ್ಲ, ಹಾಕದವರಲ್ಲಿ ಶೇ. 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹಾಕಿದವರಲ್ಲಿ ಶೇ. 90 ದಾಟಿತ್ತು.

ನಾನು? ಡಾಕ್ಟರರು ಹೇಳಿದ್ದು 18 ಗಂಟೆ. ನಾನು ಹಾಕಿದ್ದು ರಾತ್ರಿ ಮಾತ್ರ, ಅದೂ ಅಮ್ಮ ಬಾಗಿಲು ತೆರೆದಾಗ. ಏಪ್ರಿಲ್‌ನ ಮಂಗಳೂರಿನ ಸೆಕೆ ನಿಮಗೆ ಗೊತ್ತು. ಆ ಸೆಕೆಗೆ ಪ್ಲಾಸ್ಟಿಕ್ ಕೊಡಪಾನದ ಒಳಗೆ ಕೂತ ಹಾಗೆ. ಬೆವರುಗುಳ್ಳೆ ಎದ್ದು ಒಡೆದು ಉರಿಯುತ್ತಿತ್ತು. ದೊಡ್ಡಮ್ಮನ ಮಗ "ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ದು" ಅಂತ ಕೀಟಲೆ ಮಾಡುತ್ತಿದ್ದ. ಡಾಕ್ಟರರಿಗೆ ಸುಳ್ಳು ಹೇಳಿದೆ. ಇವತ್ತು ಇಲ್ಲಿ ಬ್ರೇಸ್ ಹಾಕಿದ ಮಕ್ಕಳಿದ್ದರೆ, ಒಳಗೆ ತೆಳು ಹತ್ತಿಯ ಬನಿಯನ್ ಎರಡು ಮೂರು ಇಟ್ಟುಕೊಂಡು ಬದಲಿಸುತ್ತಾ ಇರಿ. ಅಷ್ಟು ಸಣ್ಣ ಉಪಾಯ ನನಗೆ ಯಾರೂ ಹೇಳಿರಲಿಲ್ಲ.

18 ವರ್ಷಕ್ಕೆ 41 ಡಿಗ್ರಿ. ಸೊಂಟದ ಎಲುಬಿನ ಅಂಚು ಕೂಡಿಕೊಂಡದ್ದನ್ನು ಎಕ್ಸ್-ರೇಯಲ್ಲಿ ತೋರಿಸಿ ಡಾಕ್ಟರರು, "ಬೆಳವಣಿಗೆ ಮುಗಿಯಿತು, ಇನ್ನು ಬ್ರೇಸ್ ಬೇಡ, ಆಪರೇಷನ್ ಕೂಡ ಬೇಡ, ಆರಾಮಾಗಿರಿ" ಅಂದರು. ನಾವು ಹೊರಗೆ ಬಂದು ಹೋಟೆಲಿನಲ್ಲಿ ಗೋಳಿಬಜೆ ತಿಂದೆವು. ಅಲ್ಲಿಗೆ ನನ್ನ ಫೈಲು ಮುಚ್ಚಿತು.

ತೊಂದರೆ ಶುರುವಾಗುವುದು ಅಲ್ಲಿಯೇ, ಮಾರಾಯ್ರೆ. ಹದಿನೆಂಟರ ಕೆಳಗಿನವರಿಗೆ ಕೋನ ಅಳೆಯುವವರು ಇದ್ದಾರೆ. ಅರವತ್ತರ ಮೇಲಿನವರಿಗೆ ಸವೆದ ಬೆನ್ನು ನೋಡುವವರು ಇದ್ದಾರೆ. ಇಪ್ಪತ್ತೆರಡು ವರ್ಷದವಳು ಹೋಗಿ "ಬೆನ್ನು ನೋಯುತ್ತದೆ" ಅಂದರೆ, "ಈ ವಯಸ್ಸಿಗೆ ಎಂತ ಬೆನ್ನುನೋವು" ಅನ್ನುತ್ತಾರೆ. ಆಮೇಲೆ ಎಕ್ಸ್-ರೇ ನೋಡಿದರೆ, "ಓ, ಇದು ಡೊಂಕು, ಇದ್ದದ್ದೇ, ಇದಕ್ಕೆ ಎಂತ ಮಾಡ್ಲಿಕ್ಕೂ ಆಗುವುದಿಲ್ಲ" ಅನ್ನುತ್ತಾರೆ. ಮೊದಲನೆಯದು ನೋವನ್ನು ನಂಬದ ಮಾತು, ಎರಡನೆಯದು ನೋವನ್ನು ಕೈಬಿಟ್ಟ ಮಾತು.

ಕೆಲಸಕ್ಕೆ ಸೇರಿ ನಾಲ್ಕು ತಿಂಗಳಿಗೆ ನನಗೆ ನೋವು ಬಂತು. ಯಾಕೆ ಅನ್ನುವುದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಗೊನೆ ಹಾಕಿದ ಬಾಳೆ ಒಂದು ಕಡೆಗೆ ವಾಲುತ್ತದೆ. ನಾವು ಎದುರು ಕಡೆಯಿಂದ ಹಗ್ಗ ಕಟ್ಟಿ ಎಳೆದು ನಿಲ್ಲಿಸುತ್ತೇವೆ. ಹಗ್ಗ ಹಗಲು ರಾತ್ರಿ ಬಿಗಿದುಕೊಂಡೇ ಇರುತ್ತದೆ. ಡೊಂಕಿನ ಉಬ್ಬಿದ ಬದಿಯ ಸ್ನಾಯುಗಳು ಆ ಹಗ್ಗದ ಹಾಗೆ. ಎಳೆದುಕೊಂಡು, ಬಿಡುವಿಲ್ಲದೆ ದುಡಿಯುತ್ತವೆ. ತಗ್ಗಿನ ಬದಿಯಲ್ಲಿ ಸ್ನಾಯು ಕುಗ್ಗಿ ಗಟ್ಟಿಯಾಗುತ್ತದೆ, ಅಲ್ಲಿ ಕಶೇರುಗಳ ನಡುವಿನ ಸಣ್ಣ ಕೀಲುಗಳ ಮೇಲೆ ಒತ್ತಡ ಹೆಚ್ಚು. ಓಡಾಡಿಕೊಂಡಿರುವ ಹದಿನೈದರ ಹುಡುಗಿಗೆ ಇದು ಗೊತ್ತಾಗುವುದಿಲ್ಲ. ದಿನಕ್ಕೆ ಎಂಟು ಗಂಟೆ ಕೂತು, ಒಂದೇ ಬದಿಗೆ ತಿರುಗಿ ನೋಟು ಎಣಿಸುವ ಇಪ್ಪತ್ತೆರಡರ ಹುಡುಗಿಗೆ ಸಂಜೆ ನಾಲ್ಕಕ್ಕೆ ಗೊತ್ತಾಗುತ್ತದೆ.

ಈಗ ನನ್ನ ಮೂರ್ಖತನದ ಕಥೆ. ನೋವು ಬಂದ ಕೂಡಲೇ ನನ್ನ ತಲೆಗೆ ಬಂದದ್ದು, ಡೊಂಕು ಹೆಚ್ಚಾಗಿದೆ ಅಂತ. ಎಕ್ಸ್-ರೇ ತೆಗೆಸಿದೆ, 44 ಬಂತು. ಮೂರು ಡಿಗ್ರಿ! ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಗಂಟೆ ಅತ್ತಿದ್ದೇನೆ. ಒಂದು ಕಡೆ, ಹೆಸರು ಬೇಡ, "40 ಸಿಟ್ಟಿಂಗಿನಲ್ಲಿ ನೇರ ಮಾಡಿಕೊಡುತ್ತೇವೆ" ಅಂದರು. 18,000 ರೂಪಾಯಿ ಮೊದಲೇ ಕಟ್ಟಿದೆ. ಬೆನ್ನನ್ನು ಮುರಿದು ಶಬ್ದ ಬರಿಸಿದರು, ಬೆಲ್ಟ್ ಕಟ್ಟಿದರು, ಪ್ರತಿ ವಾರ ಕನ್ನಡಿಯ ಎದುರು ಫೋಟೊ ತೆಗೆದರು. ಹನ್ನೆರಡನೆಯ ಸಿಟ್ಟಿಂಗಿನ ಮರುದಿನ ನನಗೆ ಹಾಸಿಗೆಯಿಂದ ಏಳಲಿಕ್ಕೆ ಆಗಲಿಲ್ಲ. ಉಳಿದ ದುಡ್ಡು ವಾಪಸು ಬರಲಿಲ್ಲ.

ಆಮೇಲೆ ಒಬ್ಬ ಹಿರಿಯ ಡಾಕ್ಟರರು ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಪಕ್ಕಪಕ್ಕ ಇಟ್ಟು ತಾವೇ ಅಳೆದರು. ಹಳೆಯದು 42, ಹೊಸದು 43 ಬಂತು. "ಇಬ್ಬರು ಅಳೆದರೆ ಐದು ಡಿಗ್ರಿ ತನಕ ವ್ಯತ್ಯಾಸ ಬರುವುದು ಮಾಮೂಲಿ. ನೀವು ಅತ್ತದ್ದು ಪೆನ್ಸಿಲಿನ ಗೆರೆಗೆ" ಅಂದರು. ಬೆಳವಣಿಗೆ ಮುಗಿಯುವಾಗ 30ಕ್ಕಿಂತ ಕಡಿಮೆ ಇರುವ ಡೊಂಕು ಸಾಮಾನ್ಯವಾಗಿ ಮುಂದೆ ಬೆಳೆಯುವುದಿಲ್ಲ, 50 ದಾಟಿದ್ದು ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಹೆಚ್ಚಾಗಬಹುದು. ನಾನು ನಡುವೆ ಇದ್ದವಳು. ಕೆಲವು ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಅವರೇ ಹೇಳಿದ ಇನ್ನೊಂದು ವಿಷಯ ನನ್ನ ತಲೆಯನ್ನು ತಿರುಗಿಸಿತು. ಅಮೆರಿಕದ ಅಯೋವಾದಲ್ಲಿ, ಚಿಕಿತ್ಸೆ ಪಡೆಯದ ಸ್ಕೋಲಿಯೋಸಿಸ್ ಇರುವವರನ್ನು 50 ವರ್ಷ ಗಮನಿಸಿ 2003ರಲ್ಲಿ ವರದಿ ಮಾಡಿದ್ದಾರೆ. ಬಹುಕಾಲದ ಬೆನ್ನುನೋವು ಇದ್ದದ್ದು ಅವರಲ್ಲಿ ಶೇ. 61 ಮಂದಿಗೆ. ಡೊಂಕೇ ಇಲ್ಲದವರಲ್ಲಿ? ಶೇ. 35. ಹೌದು, ನಮಗೆ ನೋವು ಹೆಚ್ಚು. ಆದರೆ ನೋವಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಅದು ಅಲ್ಪ ಅಥವಾ ಮಧ್ಯಮ ಅಂದರು, ಮತ್ತು ಆ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ನೆಟ್ಟಗಿನ ಬೆನ್ನಿನವರೂ ನರಳುತ್ತಾರೆ. ನನ್ನ ಅಮ್ಮನ ಬೆನ್ನು ನೂಲಿನಷ್ಟು ನೇರ. ತಡ್ಪೆ, ಅಂದರೆ ಮೊರ, ಮಡಿಲಲ್ಲಿ ಇಟ್ಟುಕೊಂಡು ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು, ನನಗಿಂತ ಹೆಚ್ಚು ನೋವು ಉಂಡಿದ್ದಾಳೆ.

ಆ ದಿನದಿಂದ ಎರಡು ಲೆಕ್ಕ ಬೇರೆ ಬೇರೆ ಮಾಡಿದೆ. ಡೊಂಕಿನ ಖಾತೆಯಲ್ಲಿ ನಾನು ಮಾಡಬಹುದಾದದ್ದು ಹೆಚ್ಚೇನಿಲ್ಲ. ನೋವಿನ ಖಾತೆಯಲ್ಲಿ ದಿನಾ ಜಮೆ ಖರ್ಚು ಉಂಟು.

(ಕರೆಂಟು ಹೋದದ್ದು ಇಲ್ಲಿ.)

ಲೆಕ್ಕ ಅಂದೆ, ಉಪಮೆಗೆ ಅಲ್ಲ. ನಿಜವಾಗಿಯೂ ಬರೆದೆ. ಬ್ಯಾಂಕಿನಲ್ಲಿ ಹೊಸ ವರ್ಷಕ್ಕೆ ಕೊಡುವ ಡೈರಿ ಮನೆಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ದಿನಕ್ಕೊಂದು ಸಾಲು: ನೋವು ಹತ್ತರಲ್ಲಿ ಎಷ್ಟು, ಕೂತದ್ದು ಎಷ್ಟು ಗಂಟೆ, ನಡೆದದ್ದು ಎಷ್ಟು ನಿಮಿಷ, ನಿದ್ದೆ ಎಷ್ಟು. ಬೇಸಿಗೆಯಲ್ಲಿ ಮೂರು ಇದ್ದ ನೋವು ಜುಲೈಯಲ್ಲಿ ಆರಕ್ಕೆ ಏರಿತ್ತು. ಎಲ್ಲರೂ ಹೇಳಿದರು, ಆಟಿ ತಿಂಗಳಲ್ವಾ, ಮಳೆಗೆ ಎಲುಬು ನೋಯದೆ ಇರುತ್ತದಾ? ಅಜ್ಜಿ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಷಾಯ ಒಂದು ಗುಟುಕು ಹೆಚ್ಚು ಕುಡಿಸಿದರು. ಕಹಿಗೆ ಮುಖ ಸೊಟ್ಟಗಾಯಿತು, ಬೆನ್ನು ಹಾಗೆಯೇ ಇತ್ತು. ಆಗಸ್ಟಿನಲ್ಲಿ ಡೈರಿ ತಿರುವಿ ಹಾಕುವಾಗ ಕಂಡದ್ದು ನಡಿಗೆಯ ಕಾಲಂ. ಜುಲೈ ಇಡೀ ಸೊನ್ನೆ, ಸೊನ್ನೆ, ಐದು, ಸೊನ್ನೆ. ರಸ್ತೆಯಲ್ಲಿ ನೀರು ನಿಂತದ್ದಕ್ಕೆ ಆಟೋ ಹಿಡಿಯುತ್ತಿದ್ದೆ, ಮನೆಗೆ ಬಂದು ಒದ್ದೆ ಸೀರೆ ಬದಲಿಸಿ ಕುಳಿತರೆ ಮುಗಿಯಿತು. ಬೆನ್ನನ್ನು ಹಿಡಿದದ್ದು ಮಳೆಯ ನೀರಿಗಿಂತ, ಮಳೆ ಬಂತೆಂದು ನಾನು ಕೂತದ್ದು.

ಮುಂದಿನ ವರ್ಷ ಆಟಿಯಲ್ಲಿ ಚಾವಡಿಯಿಂದ ಅಡುಗೆಮನೆಯ ಹಿಂಬಾಗಿಲಿನ ತನಕ ನಡೆದೆ. 22 ಹೆಜ್ಜೆ ಹೋಗುವುದು, 22 ಹೆಜ್ಜೆ ಬರುವುದು, 25 ನಿಮಿಷ. ಅಜ್ಜಿ ಎರಡು ದಿನ ನೋಡಿ, ಮೂರನೆಯ ದಿನ ಕೇಳಿದರು: "ಎಂತ ಮಗಾ, ಮೈಮೇಲೆ ದರ್ಶನ ಬಂದವರ ಹಾಗೆ ತಿರುಗಾಡ್ತಾ ಇದ್ದಿ?" ಆ ಜುಲೈಯಲ್ಲಿ ನೋವು ನಾಲ್ಕನ್ನು ದಾಟಲಿಲ್ಲ. ಒಬ್ಬಳ ಡೈರಿಯಿಂದ ಲೋಕಕ್ಕೆಲ್ಲ ಸಿದ್ಧಾಂತ ಮಾಡಬೇಡಿ. ನಿಮ್ಮ ಡೈರಿಯಲ್ಲಿ ಬೇರೆ ಕಾಲಂ ಮಾತನಾಡಬಹುದು. ಕೆಲವರಿಗೆ ನಿದ್ದೆ, ಕೆಲವರಿಗೆ ಮನೆಯ ಜಗಳ.

ಬಸ್ಸಿನ ಬಗ್ಗೆ ಎರಡು ಮಾತು, ನಾವೆಲ್ಲ ಬಸ್ಸಿನವರು ತಾನೇ. ಹಿಂದಿನ ಗಾಲಿಯ ಮೇಲಿನ ಸೀಟು, ಅದರ ಹಿಂದಿನ ಸೀಟು ಬೇಡ. ಹಂಪಿನಲ್ಲಿ ಎತ್ತಿ ಹಾಕುವುದು ಅಲ್ಲಿಯೇ. ಎರಡು ಗಾಲಿಗಳ ನಡುವೆ ಕೂತರೆ ಪೆಟ್ಟು ಕಡಿಮೆ. ನನ್ನ ಬೆನ್ನಿನಲ್ಲಿ ಬಲ ಬದಿ ಸೀಟಿಗೆ ತಾಗುತ್ತದೆ, ಎಡ ಬದಿ ಗಾಳಿಯಲ್ಲಿ ಇರುತ್ತದೆ. ಒಂದು ತೆಳ್ಳಗಿನ ಬೈರಾಸು, ಅಂದರೆ ಟವೆಲು, ಸುರುಳಿ ಮಾಡಿ ಆ ಎಡದ ತಗ್ಗಿಗೆ ಇಡುತ್ತೇನೆ. ಅದು ನನ್ನ ಬ್ಯಾಗಿನಲ್ಲಿ ಯಾವಾಗಲೂ ಉಂಟು, ನೋಡಿ, ಇದೇ. ಕೌಂಟರಿನಲ್ಲಿಯೂ ಇದೇ ಬೈರಾಸು, ಕಾಲಿನ ಕೆಳಗೆ ಹಳೆಯ ಲೆಡ್ಜರ್ ಎರಡು. ಅರ್ಧ ಗಂಟೆಗೊಮ್ಮೆ ಫೋನು ನಡುಗುತ್ತದೆ, ನಾನು ಎದ್ದು ನಿಂತು ಎರಡು ಗಿರಾಕಿಗಳನ್ನು ನಿಂತೇ ಮುಗಿಸುತ್ತೇನೆ. ಮೊದಮೊದಲು ಮ್ಯಾನೇಜರ್ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಹೋಗಿ ವಿಷಯ ಹೇಳಿದೆ. ಮೇಡಂ, ಮೊದಲೇ ಹೇಳಬಾರದಿತ್ತಾ ಅಂದರು. ಹೇಳಲು ನನಗೆ ಹಿಡಿದದ್ದು ಮೂರು ವರ್ಷ.

ವ್ಯಾಯಾಮ. ಇದರ ಬಗ್ಗೆಯೇ ಪ್ರಶ್ನೆ ಜಾಸ್ತಿ ಬರುತ್ತದೆ. ನನಗೆ ಕೆಲಸ ಮಾಡಿದ್ದು ಕತರೀನಾ ಶ್ರೋತ್ ಎಂಬವರ ಪದ್ಧತಿ. ಜರ್ಮನಿಯಲ್ಲಿ 1894ರಲ್ಲಿ ಹುಟ್ಟಿದ ಆಕೆಗೆ ಸ್ವತಃ ಸ್ಕೋಲಿಯೋಸಿಸ್ ಇತ್ತು, ಬ್ರೇಸ್ ಹಾಕಿ ಬೇಸತ್ತಿದ್ದರು. ತಗ್ಗು ಬಿದ್ದ ರಬ್ಬರ್ ಚೆಂಡು ಗಾಳಿ ತುಂಬಿದಾಗ ಎದ್ದು ಬರುವುದನ್ನು ನೋಡಿ ಆಕೆಗೆ ಉಪಾಯ ಹೊಳೆಯಿತು ಅಂತ ಹೇಳುತ್ತಾರೆ. 1921ರಿಂದ ಇತರರಿಗೂ ಕಲಿಸಿದರು.

ಫಿಸಿಯೋ ಮೇಡಂ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಎಡ ಬೆನ್ನಿನ ತಗ್ಗಿನ ಮೇಲೆ ಅಂಗೈ ಇಟ್ಟು, "ನನ್ನ ಕೈಯನ್ನು ಉಸಿರಿನಿಂದ ಹೊರಗೆ ತಳ್ಳಿ" ಅಂದರು. ನಾನು ಉಸಿರೆಳೆದರೆ ಹೊಟ್ಟೆ ಉಬ್ಬುತ್ತದೆ, ಭುಜ ಏಳುತ್ತದೆ, ಆ ಜಾಗ ಮಾತ್ರ ಸತ್ತ ಹಾಗೆ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಒಂದು ಮಂಗಳವಾರ ಅವರ ಕೈ ಒಂದು ಅಕ್ಕಿಕಾಳಿನಷ್ಟು ಸರಿಯಿತು. "ಬಂತು" ಅಂದರು. ಅಷ್ಟು ವರ್ಷ ನನ್ನದೇ ಮೈಯಲ್ಲಿ ಬೀಗ ಹಾಕಿದ್ದ ಕೋಣೆಗೆ ಗಾಳಿ ಹೋದ ಹಾಗಾಯಿತು. ಡಿಗ್ರಿ ಇಳಿಯಿತಾ ಅಂತ ಕೇಳಬೇಡಿ, ನನ್ನಲ್ಲಿ ಇಳಿಯಲಿಲ್ಲ. ಸಂಜೆ ನಾಲ್ಕು ಗಂಟೆಯ ನೋವು ಆರು ಗಂಟೆಗೆ ಮುಂದೆ ಹೋಯಿತು. ಕೌಂಟರ್ ಮುಚ್ಚುವ ಹೊತ್ತು ಅದು, ನನಗೆ ಅಷ್ಟು ಸಾಕು. ಇದನ್ನು ವಿಡಿಯೊ ನೋಡಿ ಮಾಡಬೇಡಿ. ನನ್ನ ತಗ್ಗು ಎಡಕ್ಕೆ, ನಿಮ್ಮದು ಬಲಕ್ಕೆ ಇರಬಹುದು.

ಅದರ ಜತೆ ಬಲ ಬರುವ ಕೆಲಸ ಬೇಕು. ಬೆನ್ನು ಡೊಂಕಾದವರು ಭಾರ ಎತ್ತಬಾರದು ಅಂತ ಎಲ್ಲ ಕಡೆ ಹೇಳುತ್ತಾರೆ. ಆದರೆ ಓಟಗಾರ ಉಸೇನ್ ಬೋಲ್ಟ್ ತನ್ನ ಬೆನ್ನೂ ಡೊಂಕು ಅಂತ ತಾನೇ ಹೇಳಿಕೊಂಡಿದ್ದಾರೆ. ಹೊಟ್ಟೆ ಬೆನ್ನಿನ ಸ್ನಾಯುಗಳನ್ನು ಗಟ್ಟಿ ಮಾಡಿಕೊಂಡೇ 2009ರಲ್ಲಿ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ನಾನು ಓಡುವುದಿಲ್ಲ. ಆದರೆ ಕೊಡಪಾನ ವಾಪಸು ಪಡೆದುಕೊಂಡೆ. ಮೊದಲು ಕಾಲು ಕೊಡಪಾನ, ಆಮೇಲೆ ಅರ್ಧ, ಈಗ ತುಂಬ. ಒಂದೇ ಸೊಂಟಕ್ಕೆ ಇಡದೆ ಎರಡು ಕೈಯಲ್ಲಿ. ಈಜಿದರೆ ಬೆನ್ನು ನೇರವಾಗುತ್ತದೆ ಅನ್ನುವುದು ಸುಳ್ಳು, ಈಜಿದರೆ ಸುಖ ಅನ್ನುವುದು ನಿಜ.

ಯುವಕರಿಗೆ ಒಂದು ರೋಗ ಉಂಟು, ನನಗೂ ಇತ್ತು. ನೋವು ಇಲ್ಲದ ಭಾನುವಾರ ಸಿಕ್ಕಿದರೆ ಇಡೀ ಮನೆ ಗುಡಿಸಿ ಒರೆಸಿ, ಬಟ್ಟೆ ಒಗೆದು, ಸಂಜೆ ಪಣಂಬೂರಿಗೂ ಹೋಗಿ ಬರುವುದು. ಸೋಮವಾರ, ಮಂಗಳವಾರ ಮಲಗುವುದು. ಇದು ಓವರ್‌ಡ್ರಾಫ್ಟ್, ಬಡ್ಡಿ ದುಬಾರಿ. ಈಗ ಗುಡಿಸುವುದು ಒಂದು ದಿನ, ಒರೆಸುವುದು ಇನ್ನೊಂದು ದಿನ. ಮನೆಗೆ ಬಂದವರು ನೆಲ ನೋಡಿದರೆ ನೋಡಲಿ.

ಬಿಸಿ ಶಾಖ ನಿಜವಾಗಿಯೂ ಹಿತ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಡುವುದು, ಹಂಡೆಯ ಬಿಸಿನೀರು ಮೀಯುವುದು, ಎಣ್ಣೆ ತಿಕ್ಕುವುದು, ಎಲ್ಲ ಸರಿ. ಎಣ್ಣೆ ಎಲುಬನ್ನು ನೇರ ಮಾಡುವುದಿಲ್ಲ, ಬಿಗಿದ ಸ್ನಾಯು ಸಡಿಲವಾಗುತ್ತದೆ, ಅಷ್ಟೇ ಬೇಕಾದದ್ದು. ನೆಲದ ಮೇಲೆ ಚಾಪೆಯಲ್ಲಿ ಮಲಗು ಅನ್ನುವವರಿಗೆ ಹೇಳಿ: ಬಹುಕಾಲದ ಸೊಂಟನೋವಿಗೆ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆ ಒಳ್ಳೆಯದು ಅಂತ ಸ್ಪೇನಿನಲ್ಲಿ ಹೋಲಿಸಿ ನೋಡಿದ್ದಾರೆ. ಬದಿಗೆ ಮಲಗುವಾಗ ಮೊಣಕಾಲುಗಳ ನಡುವೆ ಒಂದು ತಲೆದಿಂಬು.

ಮಾತ್ರೆಗೆ ಬರುತ್ತೇನೆ. ಮೊದಲು ಒಬ್ಬರ ಕಥೆ. ಗಿಡಿಯನ್ ಮ್ಯಾಂಟೆಲ್ ಅಂತ ಇಂಗ್ಲೆಂಡಿನ ಡಾಕ್ಟರರು. ಇಗ್ವಾನೊಡಾನ್ ಎಂಬ ಡೈನೊಸಾರನ್ನು ಲೋಕಕ್ಕೆ ಪರಿಚಯಿಸಿದವರು. 1841ರಲ್ಲಿ ಕುದುರೆಗಾಡಿಯ ಅಪಘಾತ ಆಯಿತು, ಆಮೇಲೆ ವರ್ಷಗಟ್ಟಲೆ ಬೆನ್ನುನೋವು. ಬೆನ್ನಿನಲ್ಲಿ ಕಂಡ ಉಬ್ಬನ್ನು ಗೆಡ್ಡೆ ಅಂತ ಭಾವಿಸಿದರು. ನೋವಿಗೆ ಅಫೀಮು, ಅದು ಸಾಲದೆ ಇನ್ನಷ್ಟು ಅಫೀಮು. 1852ರಲ್ಲಿ ಅದೇ ಹೆಚ್ಚಾಗಿ ತೀರಿಕೊಂಡರು. ಕುಯ್ದು ನೋಡಿದರೆ ಗೆಡ್ಡೆ ಇರಲಿಲ್ಲ, ಇದ್ದದ್ದು ತೀವ್ರವಾದ ಸ್ಕೋಲಿಯೋಸಿಸ್. ಕೋಟ್ಯಂತರ ವರ್ಷ ಹಿಂದಿನ ಎಲುಬನ್ನು ಕಲ್ಲಿನಲ್ಲಿ ಗುರುತಿಸಿದವರ ಬೆನ್ನಿನ ಎಲುಬು ಬದುಕಿರುವಾಗ ಯಾರಿಗೂ ಕಾಣಲಿಲ್ಲ.

ನಮ್ಮ ಅಫೀಮು ಮೆಡಿಕಲಿನಲ್ಲಿ ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆ. ನಾನು ಎರಡು ವರ್ಷ ಡೈಕ್ಲೋಫೆನಾಕ್ ಶೇಂಗಾ ತಿಂದ ಹಾಗೆ ತಿಂದೆ. ಹೊಟ್ಟೆ ಉರಿದು ಎಂಡೋಸ್ಕೋಪಿ ಮಾಡಿಸುವಲ್ಲಿಗೆ ಬಂತು. ಈ ಗುಂಪಿನ ಮಾತ್ರೆಗಳು ಕೆಲವು ದಿನದ ಉಪಯೋಗಕ್ಕೆ, ಊಟ ಮಾಡಿ, ಡಾಕ್ಟರರು ಹೇಳಿದಷ್ಟೇ. ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಕೊಡುತ್ತವೆ. ಇನ್ನೊಂದು ವಿಷಯ ನಮ್ಮ ಊರಿಗೆ ಬಹಳ ಮುಖ್ಯ. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ, ಬೆನ್ನಿನದೇ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಮಾತ್ರ, ಅದೂ ಮಿತಿಯಲ್ಲಿ, ಮತ್ತು ರಕ್ತಪರೀಕ್ಷೆ.

ಎಲ್ಲ ನೋವನ್ನು ಡೊಂಕಿನ ತಲೆಗೆ ಕಟ್ಟಬೇಡಿ. ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಕೂಡ ಕಾಯಬೇಡಿ. ಬೆನ್ನೆಲುಬಿನಲ್ಲಿ ಬರುವ ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಸಣ್ಣ ಗೆಡ್ಡೆ ರಾತ್ರಿ ನೋವು ಕೊಟ್ಟು ಬೆನ್ನನ್ನೂ ಡೊಂಕಾಗಿಸಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಉಂಟು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳಲು ನನಗೆ ಯೋಗ್ಯತೆ ಇಲ್ಲ. 45, 50 ಡಿಗ್ರಿ ದಾಟಿ ಬೆಳೆಯುತ್ತಿದ್ದರೆ ಆ ಮಾತು ಬರುತ್ತದೆ, ರಾಡ್ ಹಾಕಿಸಿಕೊಂಡು ಚೆನ್ನಾಗಿರುವ ಗೆಳತಿ ನನಗಿದ್ದಾಳೆ. ನೋವೊಂದನ್ನೇ ತೆಗೆಯಲಿಕ್ಕೆ ಅಂತ ಹೊರಡುವವರು ಇಬ್ಬರು ಡಾಕ್ಟರರನ್ನಾದರೂ ಕೇಳಿ.

ಮದುವೆಯ ವಿಷಯ ಯಾರೂ ಎದ್ದು ಕೇಳುವುದಿಲ್ಲ, ಆಮೇಲೆ ಮೆಟ್ಟಿಲಲ್ಲಿ ಕೇಳುತ್ತಾರೆ. ಹಾಗಾಗಿ ಈಗಲೇ ಹೇಳುತ್ತೇನೆ. ನಮ್ಮಲ್ಲಿ ಹೆಣ್ಣು ನೋಡಲು ಬಂದಾಗ ಅಮ್ಮ "ಸೆರಗು ಹೊದ್ದುಕೋ, ಹೇಳುವುದು ಬೇಡ" ಅಂದಳು. ನಾನು ಹೇಳಿದೆ. ಒಂದು ಸಂಬಂಧ ಹೋಯಿತು. ಎರಡನೆಯವರು, "ನಮ್ಮ ಹುಡುಗನಿಗೆ ಶುಗರ್ ಉಂಟು, ಹೇಳುವುದೋ ಬೇಡವೋ ಅಂತ ನಾವೂ ಯೋಚಿಸ್ತಾ ಇದ್ದೆವು" ಅಂದರು. ಈಗ ಮನೆಯಲ್ಲಿ ಅವರ ಮಾತ್ರೆ ಒಂದು ಡಬ್ಬಿ, ನನ್ನದು ಒಂದು ಡಬ್ಬಿ. ನನ್ನ ಹಾಗೆ ಮಧ್ಯಮ ಡೊಂಕು ಇದ್ದವರಿಗೆ ಬಸುರಿಗೂ ಹೆರಿಗೆಗೂ ಸಾಮಾನ್ಯವಾಗಿ ಅಡ್ಡಿ ಇಲ್ಲ. ಅರಿವಳಿಕೆಯ ಡಾಕ್ಟರರಿಗೆ ಎಕ್ಸ್-ರೇ ಮೊದಲೇ ತೋರಿಸಿಡಿ, ಬೆನ್ನಿಗೆ ಸೂಜಿ ಹಾಕುವವರು ಅವರು ತಾನೇ.

ಪ್ರಶ್ನೆಗಳಿಗೆ ನಾನು ಕೂತು ಉತ್ತರಿಸಿದೆ. ಹೆಚ್ಚಿನವು ಹಾಸಿಗೆ, ಎಣ್ಣೆ, ಯೋಗದ ಬಗ್ಗೆ. ಕೊನೆಯದು ಹಿಂದಿನ ಸಾಲಿನಿಂದ ಬಂತು. ನಡುವಯಸ್ಸಿನ ಒಬ್ಬರು ಎದ್ದು, ತಾವು ಕಲ್ಸಂಕದ ಹತ್ತಿರ ಬಟ್ಟೆ ಹೊಲಿಯುವವರು, ಕಳೆದ ವಾರ ಒಂದು ಹುಡುಗಿಯ ಅಳತೆಯಲ್ಲಿ ಎರಡು ಬದಿ ಹೊಂದಲಿಲ್ಲ, ಹೇಳಿದರೆ ತಾಯಿ ಬೇಸರ ಮಾಡಿಯಾರು ಅಂತ ಸುಮ್ಮನಿದ್ದೆ, ಎಂತ ಮಾಡಲಿ ಅಂತ ಕೇಳಿದರು.

ಬಟ್ಟೆ ಕೊಡುವ ದಿನ ಯಾವಾಗ ಅಂತ ಕೇಳಿದೆ. ಬುಧವಾರ ಅಂದರು. ಬುಧವಾರದ ತನಕ ಕಾಯಬೇಡಿ, ಇವತ್ತೇ ಫೋನ್ ಮಾಡಿ, ಹುಡುಗಿ ಹತ್ತಿರ ಇಲ್ಲದಾಗ ತಾಯಿಗೆ ಹೇಳಿ, ಎರಡು ಅಳತೆಯ ಸಂಖ್ಯೆಯನ್ನೂ ಬರೆದು ಕೊಡಿ ಅಂದೆ. ನನ್ನ ಟೈಲರ್ ಅಕ್ಕ ಮಾಡಿದ್ದು ಹಾಗೆ. ಅವರು ಈಗಲೂ ನನ್ನ ರವಿಕೆ ಹೊಲಿಯುತ್ತಾರೆ. ಅವರ ಅಳತೆ ಪುಸ್ತಕದಲ್ಲಿ ಎಲ್ಲರಿಗೂ ಒಂದೊಂದು ಸಾಲು. ನನ್ನ ಹೆಸರಿನ ಮುಂದೆ ಎರಡು ಸಾಲು ಉಂಟು, ಎಡಕ್ಕೊಂದು, ಬಲಕ್ಕೊಂದು. ಹೊಲಿದು ಬಂದ ರವಿಕೆಯನ್ನು ಹ್ಯಾಂಗರಿಗೆ ಹಾಕಿದರೆ ಸೊಟ್ಟ ಕಾಣುತ್ತದೆ, ನಾನು ಹಾಕಿಕೊಂಡರೆ ಸರಿಯಾಗಿ ಕೂರುತ್ತದೆ.